ಹೊಗೆಯಲ್ಲಿ ಹೋಗುವ ಶಕ್ತಿ

ಹೊಗೆಯಿರುವಲ್ಲಿ ಬೆಂಕಿಯಿರುತ್ತದೆ ಎಂಬುದು ನಮ್ಮ ತರ್ಕಶಾಸ್ತ್ರವು ಬಹುಕಾಲದಿಂದ ಕೊಡುತ್ತ ಬಂದಿರುವ ಉದಾಹರಣೆ. ಇದಕ್ಕೆ ಇನ್ನೊಂದು ಮಾತನ್ನು ಸೇರಿಸಬಹುದು: ಹೊಗೆಯಿರುವಲ್ಲಿ ನಷ್ಟವೂ ಇರುತ್ತದೆ. ಸೌದೆ, ತೆಂಗಿನ ಮಟ್ಟೆ, ಹತ್ತಿಕಡ್ಡಿ ಮೊದಲಾದವು ಕೀಳು ಇಂಧನಗಳೆಂದು ಹಲವರು ಭಾವಿಸುತ್ತಾರೆ. ಆದರೆ ದೋಷವಿರುವುದು ಇಂಧನದಲ್ಲಲ್ಲ, ಅದನ್ನು ನಾವು ಉರಿಸುವ ರೀತಿಯಲ್ಲಿ.

ಸೌದೆಯು ಉರಿಯುವ ಬಗೆಯನ್ನು ಗಮನಿಸಿರಿ. ಕಾವು ತಾಗಿದೊಡನೆ ಮೊದಲು ಅದರಲ್ಲಿರುವ ನೀರು ಆವಿಯಾಗುತ್ತದೆ. ಹಸಿ ಸೌದೆಯಾದರೆ ಶಾಖದ ದೊಡ್ಡ ಪಾಲು ಇದಕ್ಕೇ ವ್ಯಯವಾಗುತ್ತದೆ. ಉಷ್ಣತೆಯು 200 ಡಿಗ್ರಿ ಸೆಲ್ಸಿಯಸ್ ದಾಟಿ ಏರಿದಂತೆ ಮರದ ವಸ್ತುವು ವಿಭಜನೆಗೊಂಡು, ಉರಿಯಬಲ್ಲ ಅನಿಲಗಳು ಹೊರಬರುತ್ತವೆ. ಕಣ್ಣಿಗೆ ಕಾಣುವ ಜ್ವಾಲೆಯು ಈ ಅನಿಲಗಳದು. ಕೊನೆಗೆ ಇದ್ದಿಲು ಉಳಿಯುತ್ತದೆ. ಅನಿಲಗಳಿಗೆ ಸಾಕಷ್ಟು ಗಾಳಿಯೂ ಶಾಖವೂ ದೊರೆತರೆ ಅವು ಪೂರ್ಣವಾಗಿ ಉರಿಯುತ್ತವೆ. ದೊರೆಯದಿದ್ದರೆ ಹೊಗೆಯಾಗಿ ಹೊರಟುಹೋಗುತ್ತವೆ. ಹೊಗೆಯೆಂದರೆ ಉರಿಯದೆ ಹೋದ ಇಂಧನವೇ.

ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಕ್ತಿಯಲ್ಲಿ ನೂರಕ್ಕೆ ಸುಮಾರು 10 ಪಾಲು ಮಾತ್ರ ಪಾತ್ರೆಯನ್ನು ಸೇರುತ್ತದೆ. ಹೆಣ್ಣುಮಕ್ಕಳು ದೂರದಿಂದ ತಲೆಯ ಮೇಲೆ ಹೊತ್ತು ತರುವ ಹೊರೆಯಲ್ಲಿ ಬಹುಭಾಗವು ಹೀಗೆ ವ್ಯರ್ಥವಾಗುತ್ತದೆ. ನಷ್ಟವು ಇಷ್ಟಕ್ಕೇ ನಿಲ್ಲುವುದಿಲ್ಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನರು ಮೃತಪಟ್ಟರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ.

ಈ ನಷ್ಟವನ್ನು ತಡೆಯಲು ಸಾಧ್ಯವೆಂಬುದನ್ನು ನಮ್ಮ ನಾಡಿನಲ್ಲೇ ತೋರಿಸಲಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ 'ಅಸ್ತ್ರ' ಎಂಬ ಕೇಂದ್ರವು ಆರಂಭವಾಯಿತು. ಅಲ್ಲಿ ರೂಪುಗೊಂಡ 'ಅಸ್ತ್ರ ಒಲೆ'ಯಲ್ಲಿ ಗಾಳಿಗೆ ಸರಿಯಾದ ದಾರಿಯೂ ಹೊಗೆಗೆ ಕೊಳವೆಯೂ ಇದ್ದು, ಕಡಮೆ ಸೌದೆಯಲ್ಲಿ ಅಡುಗೆಯಾಗುತ್ತಿತ್ತು.

ಇನ್ನೊಂದು ಮಾರ್ಗವೂ ಉಂಟು. ಮುಚ್ಚಿದ ಪಾತ್ರದಲ್ಲಿ ಗಾಳಿಯನ್ನು ಬೇಕೆಂದೇ ಮಿತಗೊಳಿಸಿ ಸೌದೆಯನ್ನು ಕಾಯಿಸಿದರೆ ಕಾರ್ಬನ್ ಮಾನಾಕ್ಸೈಡ್, ಜಲಜನಕ ಮುಂತಾದ ಅನಿಲಗಳು ದೊರೆಯುತ್ತವೆ. ಅವನ್ನು ತಣಿಸಿ, ಶುದ್ಧಿ ಮಾಡಿ ಎಂಜಿನ್ನಿಗೆ ಹಾಯಿಸಬಹುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿನ ಅಭಾವವುಂಟಾದಾಗ ಇದ್ದಿಲಿನ ಅನಿಲದಿಂದ ಬಸ್ಸುಗಳು ಓಡಿದವು. ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ 1988ರಲ್ಲಿ ವಿಜ್ಞಾನ ಸಂಸ್ಥೆಯು ಇಂಥ ಒಂದು ಘಟಕವನ್ನು ಸ್ಥಾಪಿಸಿತು. ನೆಟ್ಟು ಬೆಳೆಸಿದ ಮರಗಳ ಸೌದೆಯಿಂದ ಊರಿಗೆ ದೀಪ ಬಂದಿತು. ಮುಂದೆ ಕುಡಿಯುವ ನೀರೂ ಹಿಟ್ಟಿನ ಗಿರಣಿಯೂ ಬಂದವು.

ಮನೆಮನೆಗೂ ಅಡುಗೆ ಅನಿಲದ ಸಿಲಿಂಡರು ಬರುತ್ತಿರುವಾಗ ಸೌದೆಯ ಚಿಂತೆ ಏಕೆ ಎಂದು ಕೆಲವರು ಕೇಳಬಹುದು. ಅಡುಗೆಮನೆಯು ಹೊಗೆಯಿಂದ ಮುಕ್ತವಾಗುವುದು ಒಳ್ಳೆಯದೇ. ಆದರೆ ಬಚ್ಚಲಿನ ಹಂಡೆ, ಆಲೆಮನೆಯ ಕೊಪ್ಪರಿಗೆ, ಅಡಕೆ ಬೇಯಿಸುವ ಒಲೆ ಇವುಗಳಿಗೆ ಸಸ್ಯಜನ್ಯ ಇಂಧನವೇ ಇಂದಿಗೂ ಅನೇಕ ಕಡೆ ಆಧಾರವಾಗಿದೆ. ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆಯಿಂದಲೇ ಉಗಿಯನ್ನೂ ವಿದ್ಯುತ್ತನ್ನೂ ಪಡೆಯುತ್ತಿವೆ.

ಹಾಗೆಂದು ಹೊಲದಲ್ಲಿರುವುದೆಲ್ಲವನ್ನೂ ಬೆಂಕಿಗೆ ಒಡ್ಡುವುದು ವಿವೇಕವಲ್ಲ. ಜೋಳದ ದಂಟು ದನಕರುಗಳ ಮೇವು. ಉದುರಿದ ಎಲೆ ಮಣ್ಣಿನ ಆಹಾರ. ಕಡಿದಷ್ಟು ಮರವನ್ನು ಮತ್ತೆ ಬೆಳೆಸದಿದ್ದರೆ ಎಷ್ಟು ಉತ್ತಮವಾದ ಒಲೆಯೂ ಕಾಡನ್ನು ಉಳಿಸಲಾರದು. ದನಕ್ಕೂ ಮಣ್ಣಿಗೂ ಸಲ್ಲಬೇಕಾದುದು ಸಂದ ಮೇಲೆ ಉಳಿದುದು ಮಾತ್ರ ಬೆಂಕಿಯ ಪಾಲಾಗಬೇಕು. ಆ ಪಾಲು ಹೊಗೆಯಾಗದೆ ಪೂರ್ಣವಾಗಿ ಉರಿಯಬೇಕು. ನಿಮ್ಮ ಊರಿನಲ್ಲಿ ಹೊಗೆ ಏಳುವುದನ್ನು ಕಂಡಾಗ, ಅಲ್ಲಿ ಗಾಳಿಗೆ ದಾರಿಯಿದೆಯೇ, ಸೌದೆ ಒಣಗಿದೆಯೇ ಎಂದು ವಿಚಾರಿಸಿರಿ. ವಿಜ್ಞಾನವು ಪುಸ್ತಕದಿಂದ ಬಾಳಿಗೆ ಇಳಿಯುವುದು ಇಂಥ ವಿಚಾರದಿಂದಲೇ.