ಬಣ್ಣ ಹಚ್ಚುವ ಮೊದಲು ಬೆಲೆ ತೆರುವವರು ಯಾರು?



ಈ ಸಲದ ಸಂಪಾದಕೀಯವನ್ನು ನನ್ನದೊಂದು ತಪ್ಪಿನಿಂದ ಆರಂಭಿಸುತ್ತೇನೆ. ಎರಡು ವರ್ಷಗಳ ಹಿಂದೆ ಬಸವ ಜಯಂತಿಯಂದು ಮಠದ ವೇದಿಕೆಯಲ್ಲಿ ಒಬ್ಬ ಹುಡುಗಿ ಅಕ್ಕಮಹಾದೇವಿಯ ಪಾತ್ರ ಮಾಡಿದಳು. ಅವಳ ಹೆಸರು, ಊರು ಇಲ್ಲಿ ಬೇಡ. ಕೌಶಿಕನ ಅರಮನೆ ಬಿಟ್ಟು ಹೊರಡುವ ದೃಶ್ಯದಲ್ಲಿ ಮೈದಾನ ತುಂಬಿದ್ದ ಜನ ಉಸಿರು ಬಿಗಿಹಿಡಿದು ಕೂತಿದ್ದರು. ಎಂಟು ತಿಂಗಳ ಮೇಲೆ ಅವಳ ತಂದೆ ನನ್ನ ಹತ್ತಿರ ಬಂದರು. ಅವರದು ಹೊಲಿಗೆ ಕಾಯಕ.

"ಅಣ್ಣಾರ, ಬೆಂಗಳೂರಿನವ್ರು ಫೋನ್ ಮಾಡಿದ್ರು. ಮಗಳು ಸೀರಿಯಲ್ಲಿಗೆ ಸೆಲೆಕ್ಟ್ ಆಗ್ಯಾಳಂತ. ಮೊದಲ ಫೋಟೋ ಆಲ್ಬಮ್ಮಿಗೆ, ಟ್ರೇನಿಂಗಿಗೆ ಅಂತ ಒಂದೂವರಿ ಲಕ್ಷ ತುಂಬಬೇಕಂತ್ರಿ. ಏನ್ ಮಾಡೂಣ್ರಿ?"

"ಹುಡುಗಿಗೆ ಕಲಾ ಒಲದೈತಿ. ಧೈರ್ಯ ಮಾಡ್ರಿ, ಬಸವಣ್ಣ ಅದಾನ" ಎಂದುಬಿಟ್ಟೆ.

ಆ ಹಣ ಯಾರಿಗೆ ಹೋಗುತ್ತದೆ, ಅವರು ಇದುವರೆಗೆ ಯಾರಿಗೆ ಕೆಲಸ ಕೊಡಿಸಿದ್ದಾರೆ ಎಂದು ಒಂದು ಮಾತು ಕೇಳಲಿಲ್ಲ. ತಾಯಿಯ ಬೋರಮಾಳ, ಪಾಟಲಿ ಸೊಸೈಟಿಯಲ್ಲಿ ಅಡವು ಬಿದ್ದವು. ಒಂದು ದಿನ ಫೋಟೋ ತೆಗೆದರು, ನಾಲ್ಕು ದಿನ ತರಬೇತಿ ಎಂದು ಕೂಡಿಸಿದರು, ದಪ್ಪ ರಟ್ಟಿನ ಒಂದು ಆಲ್ಬಮ್ ಕೊಟ್ಟು ಕಳಿಸಿದರು. ಆಮೇಲೆ ಫೋನ್ ಎತ್ತುವವರಿಲ್ಲ. ಆಲ್ಬಮ್ ಈಗ ಟ್ರಂಕಿನಲ್ಲಿದೆ. ಬಡ್ಡಿ ಮಾತ್ರ ತಿಂಗಳಿಗೊಮ್ಮೆ ತಪ್ಪದೆ ಬರುತ್ತದೆ. ಬಸವಣ್ಣನವರ ಹೆಸರನ್ನು ನಾನು ಆ ದಿನ ವಿಚಾರ ಮಾಡದೆ ಬಳಸಿದೆ. ವಿಚಾರ ಮಾಡಿ ಎಂದು ಹೇಳಿದ ಗುರುವಿನ ಹೆಸರನ್ನು ಬಳಸುವ ರೀತಿ ಅದಲ್ಲ.

ನಟನೆ, ಮಾಡೆಲಿಂಗ್ ಕಡೆಗೆ ಹೊರಟ ಮಕ್ಕಳು ನಮ್ಮ ಭಕ್ತರ ಮನೆಗಳಲ್ಲಿ ಈಗ ಬಹಳ ಇದ್ದಾರೆ. ಅವರ ಆಸೆ ತಪ್ಪಲ್ಲ. ನಾವು ಕೇಳಬೇಕಾದದ್ದು, ಆ ಹಾದಿಯ ಮೊದಲ ಖರ್ಚನ್ನು ಯಾರು ಹೊರುತ್ತಾರೆ, ಯಾರು ಹೊರಬೇಕು ಎಂಬುದನ್ನು.

ಆ ಖರ್ಚು ಒಂದೆರಡಲ್ಲ. ಫೋಟೋ, ಬಟ್ಟೆ, ನೃತ್ಯದ ಕ್ಲಾಸು, ಜಿಮ್ಮು, ಬೆಂಗಳೂರಿಗೆ ಓಡಾಟ, ಅಲ್ಲಿ ಪಿಜಿ ಬಾಡಿಗೆ. ಇವೆಲ್ಲಕ್ಕಿಂತ ದೊಡ್ಡದು ಕಾಯುವ ಖರ್ಚು. ಆಡಿಷನ್ ಕೊಟ್ಟು, ಕರೆ ಬರುವವರೆಗೆ ದುಡಿಮೆಯಿಲ್ಲದೆ ಬದುಕಬೇಕು. ಉಳ್ಳವರ ಮಗ ಎರಡು ವರ್ಷ ಕಾಯಬಲ್ಲ. ಚಿತ್ರರಂಗದಲ್ಲೇ ಹುಟ್ಟಿದವನಿಗೆ ಕಾಯುವ ಕೆಲಸವೇ ಇಲ್ಲ. ದರ್ಜಿಯ ಮಗಳು ಎರಡು ತಿಂಗಳು ಕಾಯುವಷ್ಟರಲ್ಲಿ ಮನೆಯ ಬಂಗಾರ ಹೋಗಿರುತ್ತದೆ. ಹೀಗೆ ಪ್ರತಿಭೆಯನ್ನು ಅಳೆಯುವ ಮೊದಲೇ ಹಣ ಜರಡಿ ಹಿಡಿದುಬಿಡುತ್ತದೆ.

ಹಣವಿಲ್ಲದ ಹೆಣ್ಣುಮಗಳಿಂದ ಬೇರೆ ಬೆಲೆ ಕೇಳುವವರೂ ಇದ್ದಾರೆ. ಮಲಯಾಳಂ ಚಿತ್ರರಂಗದ ಮಹಿಳೆಯರ ಸ್ಥಿತಿ ತಿಳಿಯಲು ಕೇರಳ ಸರ್ಕಾರ 2017ರಲ್ಲಿ ನ್ಯಾಯಮೂರ್ತಿ ಹೇಮಾ ಸಮಿತಿ ನೇಮಿಸಿತು. 2019ರಲ್ಲಿ ಸಲ್ಲಿಕೆಯಾದ ಅದರ ವರದಿ ಜನರ ಕೈಗೆ ಬಂದದ್ದು 2024ರ ಆಗಸ್ಟ್‌ನಲ್ಲಿ. 'ಅಡ್ಜಸ್ಟ್‌ಮೆಂಟ್', 'ಕಾಂಪ್ರಮೈಸ್' ಎಂಬ ಸಾದಾ ಮಾತುಗಳು ಅಲ್ಲಿ ಯಾವ ಅರ್ಥದಲ್ಲಿ ನಡೆಯುತ್ತವೆ ಎಂಬುದನ್ನು ಅದು ಬಿಚ್ಚಿಟ್ಟಿತು. ಸಾಲದ ಹೊರೆ ಹೊತ್ತವಳಿಗೆ, ಮನೆಗೆ ಬರಿಗೈಯಲ್ಲಿ ಹೋಗಲಾರದವಳಿಗೆ 'ಒಲ್ಲೆ' ಎನ್ನುವುದು ಎಷ್ಟು ಕಷ್ಟ ಎಂದು ಹೆಣ್ಣುಮಕ್ಕಳ ತಂದೆತಾಯಿ ಯೋಚಿಸಬೇಕು.

ಇದು ನಮ್ಮ ಹಳ್ಳಿಗಳ ಮುಗ್ಧರಿಗೆ ಮಾತ್ರ ಆಗುವ ಮೋಸವೆಂದು ತಿಳಿಯಬೇಡಿ. ಹಾಲಿವುಡ್ ಇರುವ ಕ್ಯಾಲಿಫೋರ್ನಿಯಾದಲ್ಲೇ ಈ ಹಾವಳಿ ತಡೆಯಲು 2009ರಲ್ಲಿ ಒಂದು ಕಾಯ್ದೆ ಮಾಡಬೇಕಾಯಿತು. ಕೆಲಸ ಕೊಡಿಸುತ್ತೇವೆ ಎಂದು ಕಲಾವಿದರಿಂದ ಮುಂಗಡ ಹಣ ಕೀಳುವುದು ಅಲ್ಲಿ ಅಪರಾಧ. ನ್ಯೂಯಾರ್ಕ್, ಪ್ಯಾರಿಸ್, ಮಿಲಾನ್‌ಗಳ ಫ್ಯಾಷನ್ ಲೋಕದಲ್ಲಿ ಇನ್ನೊಂದು ಪದ್ಧತಿ ಬೆಳೆದಿದೆ. ವಿಮಾನದ ಟಿಕೆಟ್, ಕೋಣೆ ಬಾಡಿಗೆ, ಫೋಟೋ ಖರ್ಚನ್ನು ಏಜೆನ್ಸಿ ಮೊದಲು ಕೊಡುತ್ತದೆ, ಆಮೇಲೆ ಹುಡುಗಿಯ ಗಳಿಕೆಯಲ್ಲಿ ಮುರಿದುಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಏಜೆನ್ಸಿಯೇ ಖರ್ಚು ಹೊತ್ತಂತೆ ಕಾಣುತ್ತದೆ. ಲೆಕ್ಕ ಬಿಚ್ಚಿದರೆ ಅದು ಹುಡುಗಿಯ ಹೆಸರಿನಲ್ಲಿ ಬರೆದ ಸಾಲ. ದುಡಿದ ಮೇಲೂ ಸಾಲ ತೀರದೆ ಊರಿಗೆ ಮರಳಿದವರಿದ್ದಾರೆ. ನ್ಯೂಯಾರ್ಕ್ ರಾಜ್ಯದಲ್ಲಿ 2025ರ ಜೂನ್‌ನಿಂದ ಜಾರಿಗೆ ಬಂದ ಕಾಯ್ದೆ ಮಾಡೆಲ್‌ಗಳಿಂದ ಠೇವಣಿ ಪಡೆಯುವುದನ್ನು ನಿಷೇಧಿಸಿ, ಏಜೆನ್ಸಿಯ ಕಮಿಷನ್ನಿಗೆ ನೂರಕ್ಕೆ 20ರ ಮಿತಿ ಹಾಕಿದೆ.

ಈ ಕಾಯ್ದೆಗಳ ಹಿಂದಿರುವ ನ್ಯಾಯ ಸರಳವಾಗಿದೆ. ಏಜೆಂಟ್ ಎಂಬವನು ಕಲಾವಿದೆಗೆ ಕೆಲಸ ಕೊಡಿಸಿ, ಅವಳ ಕೈಗೆ ಕೂಲಿ ಬಂದಮೇಲೆ ತನ್ನ ಪಾಲು ಪಡೆಯಬೇಕು. ಕೆಲಸಕ್ಕೆ ಮೊದಲೇ ಅವನ ಜೇಬು ತುಂಬಿದರೆ ಕೆಲಸ ಹುಡುಕುವ ದರ್ದು ಅವನಿಗೇನಿದೆ? ಅವನ ಗಿರಾಕಿ ಚಿತ್ರ ನಿರ್ಮಾಪಕನಲ್ಲ, ನಮ್ಮ ಮಗಳು. ಅವನು ಮಾರುವ ಸರಕು ಆಸೆ.

ಹಿಂದೆ ನಮ್ಮ ನಾಡಿನಲ್ಲಿ ಈ ಖರ್ಚನ್ನು ಯಾರು ಹೊರುತ್ತಿದ್ದರು? 1884ರಲ್ಲಿ ಹುಟ್ಟಿದ ಗುಬ್ಬಿಯ ಚನ್ನಬಸವೇಶ್ವರ ನಾಟಕ ಸಂಘವನ್ನು ನೋಡಿ. ಗುಬ್ಬಿ ವೀರಣ್ಣನವರು ಬಾಲನಟರಾಗಿ ಆ ಕಂಪನಿ ಸೇರಿ, ಮುಂದೆ ಅದರ ಒಡೆಯರಾದರು. ಬಡ ಮನೆಗಳ ಹುಡುಗರು ಕಂಪನಿಗೆ ಬಂದರೆ ಊಟ, ವಸತಿ, ಪಾಠ ಎಲ್ಲ ಕಂಪನಿಯದೇ. ಪರದೆ ಎಳೆಯುತ್ತ, ಸಣ್ಣ ಪಾತ್ರ ಮಾಡುತ್ತ ಕಲಿತರು. ಡಾ. ರಾಜಕುಮಾರ್ ಎಳೆಯ ವಯಸ್ಸಿನಲ್ಲಿ ಬಣ್ಣ ಹಚ್ಚಿದ್ದು ಆ ಕಂಪನಿಯಲ್ಲೇ. ಅಲ್ಲಿಗೆ ಬಂದ ಇನ್ನೊಬ್ಬ ಹುಡುಗ ಬಿ.ವಿ. ಕಾರಂತರನ್ನು ವೀರಣ್ಣನವರು ಓದಲೆಂದು ಕಾಶಿಗೆ ಕಳಿಸಿದರು. ಅಲ್ಲಿ ಅವರು ಪಂಡಿತ ಓಂಕಾರನಾಥ ಠಾಕೂರರಲ್ಲಿ ಸಂಗೀತ ಕಲಿತರು. ಮುಂದೆ ಅದೇ ಕಾರಂತರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, 1989ರಲ್ಲಿ ಮೈಸೂರಿನ ರಂಗಾಯಣ ಕಟ್ಟಿದರು. ಕಂಪನಿಯ ದಿನಗಳು ಸುಖದ ದಿನಗಳಾಗಿರಲಿಲ್ಲ. ಮಳೆಗಾಲದಲ್ಲಿ ಗಲ್ಲೆ ಬೀಳದೆ ಉಪವಾಸ ಬಿದ್ದವರಿದ್ದಾರೆ, ಸಂಬಳ ಸಿಗದವರಿದ್ದಾರೆ. ಆದರೆ ಕಲಿಯುವ ಹುಡುಗ ಮೊದಲು ಹಣ ಕಟ್ಟಲಿ ಎಂದು ಮಾಲೀಕ ಕೇಳುತ್ತಿರಲಿಲ್ಲ. ಕಲಾವಿದನಿಂದ ಲಾಭ ಪಡೆಯುವವನು ಕಲಾವಿದನನ್ನು ತಯಾರು ಮಾಡುವ ಖರ್ಚನ್ನೂ ಹೊರುತ್ತಿದ್ದ.

ಮಠಗಳೂ ಈ ಹೊರೆ ಹೊತ್ತಿವೆ. ಹಾನಗಲ್ಲ ಕುಮಾರ ಸ್ವಾಮಿಗಳ ಕೆಲವು ವಿಚಾರಗಳಲ್ಲಿ ನಮ್ಮ ಚಳವಳಿಗೆ ಭಿನ್ನಾಭಿಪ್ರಾಯವಿದೆ. ಆದರೆ ಕಣ್ಣಿಲ್ಲದ ಹುಡುಗನೊಬ್ಬನ ಕೈಹಿಡಿದು, ಸಂಗೀತ ಕಲಿಸುವ ವ್ಯವಸ್ಥೆ ಮಾಡಿ, ಅವನನ್ನು ಪಂಚಾಕ್ಷರಿ ಗವಾಯಿಯಾಗಿಸಿದ್ದು ಅವರೇ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಗವಾಯಿಗಳು ಅಂಧ, ಬಡ ಮಕ್ಕಳಿಗೆ ಅನ್ನ ಮತ್ತು ವಿದ್ಯೆ ಎರಡನ್ನೂ ಕೊಟ್ಟರು. ಬಸವರಾಜ ರಾಜಗುರು ಅವರಂಥ ಗಾಯಕರು ಆ ಗುರುವಿನ ಶಿಷ್ಯರು. ಅವರ ನಂತರ ಪುಟ್ಟರಾಜ ಗವಾಯಿಗಳು ನಾಟಕ ಕಂಪನಿ ನಡೆಸಿ, ಅದರ ಗಳಿಕೆಯಿಂದ ಆಶ್ರಮದ ಮಕ್ಕಳಿಗೆ ಉಣಿಸಿದರು. ಕಲೆಗೆ ದಾಸೋಹ ಆಸರೆಯಾಯಿತು, ಕಲೆ ತಿರುಗಿ ದಾಸೋಹಕ್ಕೆ ಆಸರೆಯಾಯಿತು.

ನಮ್ಮ ಕಾಲದ ಮಾದರಿ ಹೊಸದುರ್ಗ ತಾಲೂಕಿನ ಸಾಣೇಹಳ್ಳಿ. ಪಂಡಿತಾರಾಧ್ಯ ಸ್ವಾಮಿಗಳು 1987ರಲ್ಲಿ ಶಿವಕುಮಾರ ಕಲಾಸಂಘ ಕಟ್ಟಿದರು, 1997ರಲ್ಲಿ ಶಿವಸಂಚಾರ ಆರಂಭಿಸಿದರು. ಹಳ್ಳಿಯ ಹುಡುಗ ಹುಡುಗಿಯರು ಅಲ್ಲಿ ತಯಾರಾಗಿ, ವರ್ಷ ವರ್ಷ ಹೊಸ ನಾಟಕ ಹೊತ್ತು ನಾಡು ಸುತ್ತುತ್ತಾರೆ. ಸಾಣೇಹಳ್ಳಿ ಒಂದಾಯಿತು. ಉಳಿದ ಮಠಗಳು?

ನಟನೆ ನಮಗೆ ಹೊರಗಿನದಲ್ಲ. ವೇಷ ಹಾಕಿ ಆಡುವುದನ್ನೇ ಕಾಯಕ ಮಾಡಿಕೊಂಡ ಬಹುರೂಪಿ ಚೌಡಯ್ಯ ಶರಣರಲ್ಲಿ ಒಬ್ಬ. ಜನರನ್ನು ನಗಿಸುವುದು ನಗೆಯ ಮಾರಿತಂದೆಯ ಕಾಯಕ. ಆ ಶರಣರು ನಟನನ್ನು ಕೀಳೆನ್ನಲಿಲ್ಲ. ಕೀಳೆಂದವರು ನಾವು. ಮಗಳು ನಟಿಯಾಗುತ್ತಾಳೆ ಎಂದರೆ ಮುಖ ಮುರಿಯುತ್ತೇವೆ, ಅದೇ ನಟಿ ಹೆಸರು ಮಾಡಿದರೆ ಜಾತ್ರೆಗೆ ಕರೆದು ಆಳೆತ್ತರದ ಹಾರ ಹಾಕುತ್ತೇವೆ. ಈ ನಾಚಿಕೆಯೇ ದಲ್ಲಾಳಿಗೆ ಬಂಡವಾಳ. ನಾಲ್ಕು ಜನರನ್ನು ಕೇಳಲು ಹೆದರುವ ಕುಟುಂಬ ಗುಟ್ಟಾಗಿ ಹಣ ಕಟ್ಟುತ್ತದೆ, ಮೋಸ ಹೋದಮೇಲೂ ಗುಟ್ಟಾಗಿ ಅಳುತ್ತದೆ.

ಆ ಹುಡುಗಿಯ ವಿಷಯ ತಿಳಿದ ಮೇಲೆ ನಾನು ಆ ಬಸವ ಜಯಂತಿಯ ಖರ್ಚಿನ ವಹಿ ತೆಗೆಸಿ ನೋಡಿದೆ. ಶಾಮಿಯಾನದವರಿಗೆ ಕೊಟ್ಟಿದ್ದೇವೆ. ಮೈಕ್ ಸೆಟ್ಟಿಗೆ, ಲೈಟಿಗೆ, ಬಣ್ಣ ಹಚ್ಚಿದ ಮೇಕಪ್ಪಿನವರಿಗೆ ಕೊಟ್ಟಿದ್ದೇವೆ. ಅತಿಥಿಯಾಗಿ ಬಂದ ಸಿನಿಮಾ ನಟರ ಕಾರು, ಹೋಟೆಲು, ಗೌರವಧನ ಎಲ್ಲ ಬರೆದಿದೆ. ಒಂದು ತಿಂಗಳು ತಾಲೀಮು ಮಾಡಿದ ಹದಿನಾರು ಕಲಾವಿದರ ಹೆಸರಿನ ಮುಂದೆ ಇದ್ದದ್ದು ಶಾಲು ಮತ್ತು ಹಣ್ಣು. ಬಸ್ ಚಾರ್ಜ್ ಕೂಡ ಅವರೇ ಹಾಕಿಕೊಂಡಿದ್ದರು. 'ಸೇವೆ' ಎಂದು ನಾವು ಅದಕ್ಕೆ ಹೆಸರಿಟ್ಟಿದ್ದೆವು. ಬೇಕಾದದ್ದಕ್ಕಿಂತ ಹೆಚ್ಚು ಬಂದ ಅಕ್ಕಿಯನ್ನು ಹಿಂದಕ್ಕೆ ಕಳಿಸಿದ ಆಯ್ದಕ್ಕಿ ಲಕ್ಕಮ್ಮನ ಕಥೆ ಹೇಳುವ ನಾವು, ಬಡ ಮಕ್ಕಳ ದುಡಿಮೆಯನ್ನು ಪುಕ್ಕಟೆ ಪಡೆದಿದ್ದೆವು. ಬೆಂಗಳೂರಿನ ಆ ಏಜೆನ್ಸಿ ಅವಳ ಮನೆಯ ಬಂಗಾರ ತೆಗೆದುಕೊಂಡಿತು. ಅದಕ್ಕೂ ಮೊದಲು ಅವಳ ಒಂದು ತಿಂಗಳನ್ನು ತೆಗೆದುಕೊಂಡವರು ನಾವು. ದುಡಿಮೆಗೆ ಬೆಲೆಯಿದೆ ಎಂದು ಮಠವೇ ಅವಳಿಗೆ ಕಲಿಸಿದ್ದರೆ, ಕೆಲಸ ಕೊಡುವ ಮೊದಲೇ ಹಣ ಕೇಳಿದವನನ್ನು ಅವಳು ಅನುಮಾನಿಸುತ್ತಿದ್ದಳೋ ಏನೋ.

ಆದ್ದರಿಂದ ಮಠಗಳ ಆಡಳಿತ ಮಂಡಳಿಗಳಲ್ಲಿ, ಬಸವಪರ ಸಂಘಟನೆಗಳಲ್ಲಿ ನನ್ನ ವಿನಂತಿಗಳಿವು. ಮೊದಲನೆಯದು, ನಮ್ಮ ವೇದಿಕೆ ಏರುವ ಪ್ರತಿಯೊಬ್ಬ ಕಲಾವಿದರಿಗೂ ತಾಲೀಮಿನ ದಿನ ಸೇರಿಸಿ ಸಂಭಾವನೆ ಕೊಡೋಣ. ಮೈಕಿನವರಿಗೆ ಕೊಡಬಲ್ಲ ನಮಗೆ ಇದು ಭಾರವಲ್ಲ. ಎರಡನೆಯದು, ತಾರೆಯರ ಸನ್ಮಾನಕ್ಕೆ ಮಾಡುವ ಖರ್ಚಿನಲ್ಲಿ ಅರ್ಧವನ್ನು ಕಲಿಕೆಯ ನಿಧಿಗೆ ಇಡೋಣ. ಆಯ್ಕೆ ಪರೀಕ್ಷೆಯಲ್ಲಿ ಗೆದ್ದು ರಂಗಶಾಲೆ ಸೇರುವ ಮಕ್ಕಳಿಗೆ ಅದು ಸಿಗಲಿ. ಸಾಣೇಹಳ್ಳಿ, ಹೆಗ್ಗೋಡಿನ ನೀನಾಸಂ, ದೆಹಲಿಯ ನಾಟಕ ಶಾಲೆ ಯಾವುದೇ ಆಗಲಿ. ಮೂರನೆಯದು, ಪ್ರಸಾದ ನಿಲಯ ಕಟ್ಟಿ ಲಕ್ಷಾಂತರ ಮಕ್ಕಳನ್ನು ಓದಿಸಿದ ಪರಂಪರೆ ನಮ್ಮದು. ಕಾಲೇಜಿಗೆ ಹೋಗುವವರಿಗೆ ಕೊಡುವ ಹಾಸಿಗೆ, ಪ್ರಸಾದವನ್ನು ಆಡಿಷನ್ನಿಗೆ ಬೆಂಗಳೂರಿಗೆ ಬಂದ ಮಕ್ಕಳಿಗೂ ಕೊಡೋಣ. ಉಳಿಯಲು ಸುರಕ್ಷಿತ ಜಾಗ, ಉಣ್ಣಲು ಪ್ರಸಾದ ಇರುವ ಹುಡುಗಿಗೆ 'ಒಲ್ಲೆ' ಎನ್ನುವ ಶಕ್ತಿ ಇರುತ್ತದೆ.

ತಂದೆತಾಯಿಗಳಿಗೂ ಒಂದೆರಡು ಮಾತು. ಪಾಠ ಹೇಳುವ ಶಾಲೆ ಶುಲ್ಕ ಕೇಳಿದರೆ ಕೇಳಲಿ. ಅದು ಪಾಠ ಹೇಳುತ್ತದೆ, ಪಾತ್ರ ಕೊಡಿಸುತ್ತೇನೆ ಎನ್ನುವುದಿಲ್ಲ. ಪಾತ್ರ ಕೊಡಿಸುತ್ತೇನೆಂದು ಮೊದಲೇ ಹಣ ಕೇಳಿದವರನ್ನು ಬಾಗಿಲಿನಿಂದಲೇ ಕಳಿಸಿರಿ. ಮೊದಲಿಗೆ ಮೊಬೈಲಿನಲ್ಲಿ ಒಳ್ಳೆ ಬೆಳಕಿನಲ್ಲಿ ತೆಗೆದ ನಾಲ್ಕು ಫೋಟೋ, ಒಂದು ಸಣ್ಣ ವಿಡಿಯೊ ಸಾಕು. ಕರಾರನ್ನು ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ. ಮೋಸ ಹೋಗಿದ್ದರೆ ಪೊಲೀಸರಿಗೆ ದೂರು ಕೊಡಿ, ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ. ಗ್ರಾಹಕರ ಸಹಾಯವಾಣಿ 1915. ಫೋನಿನಲ್ಲಿ, ಆನ್‌ಲೈನಿನಲ್ಲಿ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಮಕ್ಕಳನ್ನು ಟಿವಿ ಕಾರ್ಯಕ್ರಮಗಳಿಗೆ ಕಳಿಸುವವರು ಇದನ್ನು ನೆನಪಿಡಿ: ಬಾಲ ಕಲಾವಿದರನ್ನು ದಿನಕ್ಕೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಅವರ ಗಳಿಕೆಯಲ್ಲಿ ಕನಿಷ್ಠ ನೂರಕ್ಕೆ 20ರಷ್ಟನ್ನು ಅವರ ಹೆಸರಿನಲ್ಲೇ ಬ್ಯಾಂಕಿನಲ್ಲಿ ಠೇವಣಿ ಇಡಬೇಕೆಂದು ಕೇಂದ್ರದ 2017ರ ನಿಯಮ ಹೇಳುತ್ತದೆ.

ಕಳೆದ ತಿಂಗಳು ನಾನು ಆ ಮನೆಗೆ ಹೋಗಿದ್ದೆ. ತಪ್ಪಾಯಿತು ಎಂದೆ. ತಂದೆ ಮಾತಾಡಲಿಲ್ಲ, ಹೊಲಿಗೆ ನಿಲ್ಲಿಸಿ ನೀರು ತಂದು ಕೊಟ್ಟರು. ಪೊಲೀಸರಿಗೆ ಮತ್ತು ಗ್ರಾಹಕ ಆಯೋಗಕ್ಕೆ ಕೊಡುವ ಅರ್ಜಿಗಳನ್ನು ಅಲ್ಲೇ ಕೂತು ಇಬ್ಬರೂ ಬರೆದೆವು. ಮಠದ ಮಂಡಳಿಯ ಮುಂದೆಯೂ ವಿಷಯ ಇಟ್ಟಿದ್ದೇನೆ. ಬರುವ ಬಸವ ಜಯಂತಿಯಿಂದ ಕಲಾವಿದರಿಗೆ ಸಂಭಾವನೆ ಕೊಡಲು ಮಂಡಳಿ ಒಪ್ಪಿದೆ. ನಿಧಿಯ ಮಾತು ಇನ್ನೂ ಚರ್ಚೆಯಲ್ಲಿದೆ. ಹುಡುಗಿ ಈ ಸಲ ಪಾತ್ರ ಮಾಡುತ್ತಾಳೋ ಇಲ್ಲವೋ, ಅದು ಅವಳ ಇಷ್ಟ. ಮಾಡಿದರೆ ಅವಳ ಹೆಸರಿನ ಮುಂದೆ ವಹಿಯಲ್ಲಿ ಶಾಲು ಹಣ್ಣಿನ ಬದಲು ಅವಳ ದುಡಿಮೆಯ ಮೊತ್ತ ಇರುತ್ತದೆ.

ನಿಮ್ಮ ಮಠದ ವಹಿಯನ್ನೂ ಒಮ್ಮೆ ತೆಗೆಸಿ ನೋಡಿರಿ.