ಅರ್ಧ ಗಂಟೆಯ ‘ಭೋಂ’

“ಏನ್ರೀ, ಮನೇಲಿ ಎಮ್ಮೆ ಕಟ್ಟಿದ್ದೀರಾ?” ಎಂದು ಎದುರುಮನೆಯ ಯಜಮಾನರು ಕೇಳಿದಾಗ ನಾನೂ ನಕ್ಕುಬಿಟ್ಟೆ. ಹನುಮಂತನಗರದಲ್ಲಿ, ಗೋಡೆಗೆ ಗೋಡೆ ತಾಗಿಕೊಂಡ ಮನೆಯಲ್ಲಿದ್ದು, ಹದಿನಾಲ್ಕರ ಮಗಳ ಕೈಗೆ ಟ್ರಾಂಬೋನ್ ಕೊಟ್ಟ ಮೇಲೆ ಇಷ್ಟಾದರೂ ಕೇಳಿಸಿಕೊಳ್ಳಬೇಡವೆ? ಆದರೆ ಮುಂದಿನ ವಾರ ಅವರೇ ಬಂದು, “ಹುಡುಗಿ ಹಾಡು ನುಡಿಸಲಿ, ಬೇಡ ಅನ್ನಲ್ಲ. ಬೆಳಗಾಗೆದ್ದು ಒಂದೇ ಸ್ವರಾನ ಅರ್ಧ ಗಂಟೆ ಎಳೀತಾಳಲ್ಲ, ಅದನ್ನ ಬಿಡಿಸಿ” ಎಂದಾಗ ನಗು ಬರಲಿಲ್ಲ.

ಅವರು ಬಿಡಿಸು ಎನ್ನುತ್ತಿರುವುದು ಏನನ್ನು? ಬ್ಯಾಂಡಿನಲ್ಲಿ ಹಿತ್ತಾಳೆಯ ಉದ್ದ ಕೊಳವೆಯನ್ನು ಮುಂದೆ ಚಾಚಿ ಹಿಂದಕ್ಕೆಳೆದು ನುಡಿಸುತ್ತಾರಲ್ಲ, ಅದೇ ಟ್ರಾಂಬೋನ್. ಕೊಳಲಿಗಿರುವಂತೆ ಅದಕ್ಕೆ ತೂತಿಲ್ಲ, ವೀಣೆಗಿರುವಂತೆ ಮೆಟ್ಟಿಲಿಲ್ಲ. ಕೊಳವೆ ನಿಲ್ಲಬೇಕಾದ ಏಳು ಜಾಗಗಳನ್ನು ಕಿವಿಯೇ ಹುಡುಕಿಕೊಳ್ಳಬೇಕು. ಬೆರಳಗಲ ಆಚೀಚೆಯಾದರೆ ಅಪಸ್ವರ. ನಾದ ಹುಟ್ಟುವುದು ತುಟಿಯ ಅದುರಿನಿಂದ. ಅಲ್ಲಿ ತುಟಿಯೇ ತಂತಿ. ಎದ್ದ ಹೊತ್ತಿಗೆ ಬಿಗಿದುಕೊಂಡಿರುವ ತುಟಿಯಲ್ಲಿ ನೇರವಾಗಿ ತಾರಸ್ಥಾಯಿಗೆ ಹಾರಿದರೆ, ಮೌತ್‌ಪೀಸನ್ನು ಒತ್ತಿ ಹಿಡಿಯುವುದೊಂದೇ ದಾರಿ. ತುಟಿ ಊದಿಕೊಳ್ಳುತ್ತದೆ, ಅವತ್ತಿನ ನುಡಿಸಾಣಿಕೆ ಅಲ್ಲಿಗೆ ಮುಗಿಯಿತು.

ಅದಕ್ಕೇ ಈ ಹುಡುಗಿ ಮೊದಲು ಬರಿಯ ಉಸಿರಾಡುತ್ತಾಳೆ. ಆಮೇಲೆ ಮೌತ್‌ಪೀಸನ್ನು ಬಿಡಿಸಿಕೊಂಡು ದುಂಬಿಯ ಹಾಗೆ ಗುಂಯ್‌ಗುಡುತ್ತಾಳೆ. ಆಮೇಲೆ ಕೆಳಗಿನ ಸ್ವರಗಳು, ಮೆಲ್ಲಗೆ, ಉಸಿರು ತೀರುವ ತನಕ. ಕೊಳವೆ ಕದಲಿಸದೆ ತುಟಿಯಿಂದಲೇ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು ಅದಾದ ಮೇಲೆ. ಎರಡರ ನಡುವೆ, ನುಡಿಸಿದಷ್ಟೇ ಹೊತ್ತು ವಿಶ್ರಾಂತಿ. ‘ಹೆಣ್ಣುಮಗು ಕೆನ್ನೆ ಉಬ್ಬಿಸಿಕೊಂಡು ಊದೋದು ಚೆಂದವಾ?’ ಎನ್ನುತ್ತಾರೆ ನಮ್ಮತ್ತೆ. ಕೆನ್ನೆ ಉಬ್ಬಬಾರದೆಂದು ಕಲಿಯುವುದೂ ಇದೇ ಅರ್ಧ ಗಂಟೆಯಲ್ಲಿ, ಅತ್ತೆ.

ಇದೇನು ಪರದೇಶದ ಪದ್ಧತಿಯೆ? ನಮ್ಮಲ್ಲಿ ಪುರಂದರದಾಸರ ಹೆಸರಿನಲ್ಲಿ ಬಂದಿರುವ ಪಾಠವೂ ಮಾಯಾಮಾಳವಗೌಳದ ಸರಳೆವರಸೆಯಿಂದಲೇ ತೊಡಗುತ್ತದೆ. ಮುಂಜಾನೆ ಮಂದ್ರದಲ್ಲಿ ಅಕಾರ ಸಾಧಕ ಮಾಡಿದವರನ್ನು ಕಂಡು ಕೈಮುಗಿಯುತ್ತೇವೆ. ಸಜೀಪಮೂಡದಲ್ಲಿ ನಾಗಸ್ವರದ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದವರು. ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಲು ಅವರಿಗೆ ಸುಮಾರು 20 ವರ್ಷ ಹಿಡಿಯಿತಂತೆ. 2019ರಲ್ಲಿ ಅವರು ತೀರಿಕೊಂಡಾಗ ನಮ್ಮ ಬೀದಿಯೂ ಮರುಗಿತು, ಎದುರುಮನೆಯವರೂ ಮರುಗಿದರು. ಆ 20 ವರ್ಷ ಅವರು ನಮ್ಮ ಪಕ್ಕದಲ್ಲಿ ಬಾಡಿಗೆಗಿದ್ದಿದ್ದರೆ ಏನನ್ನುತ್ತಿದ್ದೆವೋ!

ಸದ್ದಿನ ಮಾತಿಗೇ ಬರೋಣ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಸಲ್ಲದೆಂದು 2000ದ ನಿಯಮವಿದೆ. ಗಣೇಶನ ಪೆಂಡಾಲಿನ ಮುಂದೆ ಅದು ಎಷ್ಟು ನಡೆಯುತ್ತದೆಂಬುದು ನಿಮಗೂ ಗೊತ್ತು. ಆಗ ಚಕಾರ ಎತ್ತದವರಿಗೆ ಆರೂವರೆಯ ಒಂದು ಮೆಲುಸ್ವರ ಕಿವಿ ಕೊರೆಯುತ್ತದೆ. ವಾದ್ಯದ ಬಾಯಿಗೆ ಮ್ಯೂಟ್ ಸಿಕ್ಕಿಸಬಹುದಲ್ಲ ಎಂದವರೂ ಇದ್ದಾರೆ. ಸಿಕ್ಕಿಸಿದ್ದೇವೆ, ಪರೀಕ್ಷೆಯ ದಿನಗಳಲ್ಲಿ. ಆದರೆ ಅದು ಉಸಿರಿಗೆ ಎದುರೊತ್ತುತ್ತದೆ. ದಿನವೂ ಅದರಲ್ಲೇ ಊದಿದರೆ ಹುಡುಗಿ ತನ್ನ ನಾದವನ್ನು ತಾನೇ ಕೇಳದೆ ಬೆಳೆಯುತ್ತಾಳೆ.

ನನ್ನ ಸಿಟ್ಟಿಗೆ ಬೇರೆ ಕಾರಣವೂ ಇದೆ. ನನ್ನನ್ನು ನೋಡಲು ಬಂದವರ ಮುಂದೆ ಹಾಡಿಸಿದರು, ಮೆಚ್ಚಿ ಮದುವೆ ಮಾಡಿಕೊಂಡರು. ಗೌರಿಹಬ್ಬಕ್ಕೆ, ನಾಮಕರಣಕ್ಕೆ, ಆರತಿಗೆ ‘ಒಂದು ಹಾಡು ಹೇಳಮ್ಮ’ ಎಂದರು. ಬೆಳಗಿನ ಸಾಧಕಕ್ಕೆ ಮಾತ್ರ ಯಾರೂ ಹೊತ್ತು ಕೊಡಲಿಲ್ಲ. ಕುಕ್ಕರು ಕೂಗಬಹುದಿತ್ತು, ನಾನು ಕೂಗುವಂತಿರಲಿಲ್ಲ. ಮೂರು ವರ್ಷಕ್ಕೆ ಮೇಲಿನ ಷಡ್ಜ ಒಡೆಯಿತು. ಆಗ ಮನೆಯವರೇ, “ಮೊದಲಿನ ಕಂಠ ಇಲ್ಲ” ಎಂದರು. ಹೆಂಗಸಿನ ಹಾಡು ಎಲ್ಲರಿಗೂ ಬೇಕು; ಅದು ಹುಟ್ಟುವ ಬೇಸರದ ಅರ್ಧ ಗಂಟೆ ಯಾರಿಗೂ ಬೇಡ. ನೀವೇ ಹೇಳಿ, ನಿಮ್ಮ ಮನೆಯ ವೀಣೆ ಅಟ್ಟ ಸೇರಿದ್ದು ಯಾವಾಗ?

ಕಳೆದ ತಿಂಗಳು ಮಗಳೇ, “ಬಿಟ್ಟುಬಿಡ್ಲಾಮ್ಮ? ಎಲ್ಲರಿಗೂ ತೊಂದರೆ” ಎಂದಳು. ಆ ಸಂಜೆಯೇ ಎದುರುಮನೆಗೆ ಹೋಗಿ ಹೇಳಿಬಂದೆ: ಬೀದಿ ಕಡೆಯ ಕಿಟಕಿ ಮುಚ್ಚಿಸುತ್ತೇನೆ. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಿದ್ದರೆ ತಿಳಿಸಿ, ಅವತ್ತು ಸಂಜೆ ಐದಕ್ಕೆ ಬದಲಾಯಿಸುತ್ತೇವೆ. ಮಿಕ್ಕ ದಿನ ಆರೂವರೆಯಿಂದ ಏಳರವರೆಗೆ ಅವಳು ಊದುತ್ತಾಳೆ.