ತಲೆ ತಡವಿ ಕೂಲಿಗೆ ಆರಿಸುವವರು

ತಲೆಬುರುಡೆಯ ಉಬ್ಬುತಗ್ಗು ತಡವಿ ಮನುಷ್ಯನ ಗುಣ ಹೇಳಬಹುದೆಂದು ವಿಯೆನ್ನಾದ ವೈದ್ಯ ಗಾಲ್ 1796ರಿಂದ ಉಪನ್ಯಾಸ ಕೊಡತೊಡಗಿದ. ಮಿದುಳಿನಲ್ಲಿ 27 ಗುಣಗಳಿಗೆ 27 ಮನೆಗಳಂತೆ, ಕಳ್ಳಬುದ್ಧಿಗೂ ಒಂದು! ಫ್ರಾನ್ಸಿನ ಫ್ಲೂರಾನ್ಸ್ ಪ್ರಾಣಿಗಳ ಮಿದುಳನ್ನು ಪರೀಕ್ಷಿಸಿ ಈ ಲೆಕ್ಕ ನಿಲ್ಲದೆಂದು ತೋರಿಸಿದ. ಆದರೂ ಅಮೆರಿಕದಲ್ಲಿ ಫೌಲರ್ ಸಹೋದರರ ತಲೆ ನೋಡುವ ವ್ಯಾಪಾರ ಭರ್ಜರಿಯಾಗಿ ನಡೆಯಿತು. ಕೆಲಸ ಕೇಳಿ ಬಂದವನಿಗೆ ತಲೆಯ ಸರ್ಟಿಫಿಕೇಟು ತಾ ಎಂದ ಮಾಲೀಕರೂ ಇದ್ದರು. ಮಾಲೀಕನ ತಲೆಯ ಸರ್ಟಿಫಿಕೇಟು ಕೇಳುವ ಹಕ್ಕು ಕೂಲಿಕಾರನಿಗೆ ಇರಲಿಲ್ಲ, ಆ ಮಾತು ಬೇರೆ.

ಈಗ ಬೆರಳಿನ ಜಾಗಕ್ಕೆ ಕ್ಯಾಮೆರಾ ಬಂದಿದೆ. ಕೆಲಸಕ್ಕೆ ಬಂದವರ ಮುಖಭಾವ ಅಳೆದು ಅಂಕ ಹಾಕುತ್ತಿದ್ದ ಅಮೆರಿಕದ ಕಂಪೆನಿಯೊಂದು, ಟೀಕೆ ಎದ್ದ ಮೇಲೆ, ಆ ಅಳತೆಯನ್ನು ಕೈಬಿಟ್ಟುದಾಗಿ 2021ರಲ್ಲಿ ಸಾರಿತು. ಇಂಥ ಯಂತ್ರ ನಮ್ಮ ಗಿರಣಿಯ ಬಾಗಿಲಿಗೆ ಬಂದರೆ, ಅಂಕ ಹೇಗೆ ಬಂತೆಂಬುದನ್ನು ಬರೆದುಕೊಡುವಂತೆ ಸಂಘವು ಮೊದಲ ದಿನವೇ ಕೇಳಬೇಕೆಂದು ನಾವು ಒತ್ತಾಯಿಸುತ್ತೇವೆ.